ಬೂರೆ ರಾತ್ರಿಯೂ ಶೆರಿಫನ ಕ್ರಿಸ್‌ಮಸ್ಸೂ

ಡಿಸೆಂಬರ್ ಬಂತೆಂದರೆ ನಾನಿರುವ ಲ್ಯಾರಮಿಯಲ್ಲಿ, ಅಂದರೆ ಅಮೆರಿಕದ ವಯೋಮಿಂಗ್ ರಾಜ್ಯದ ಊರಿನಲ್ಲಿ, ತೆಳ್ಳನೆಯ ಪುಸ್ತಕಗಳ ಸುಗ್ಗಿ. ಮುಖಪುಟದ ತುಂಬ ಹಿಮ, ಒಂಟಿ ಪಿಕಪ್ ಗಾಡಿ, ದೂರದಲ್ಲೊಂದು ದೀಪ. ಒಳಗೆ ಹಳ್ಳಿಗಾಡಿನ ಶೆರಿಫ್ ಅನ್ನುವ ಪೊಲೀಸ್ ಮುಖ್ಯಸ್ಥ, ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ, ಮುಚ್ಚಿದ ರಸ್ತೆ, ಕಾಣೆಯಾದ ಯಾರೋ ಒಬ್ಬರು. ನೂರೈವತ್ತು ಪುಟದೊಳಗೆ ಗುಟ್ಟು ರಟ್ಟಾಗಬೇಕು. ನಮಗೆ ದೀಪಾವಳಿ ವಿಶೇಷಾಂಕ ಹೇಗೋ ಇವರಿಗೆ ಈ ಕಿರುಕಾದಂಬರಿಗಳು ಹಾಗೆ. ವಯೋಮಿಂಗ್‌ಗೆ ಬಂದ ಮೊದಲ ಚಳಿಗಾಲದಲ್ಲಿ ಹೊತ್ತು ಕಳೆಯಲು ಒಂದು ಪುಸ್ತಕ ತಂದಿದ್ದೆ. ಈಗ ಚಟ.

ಹಬ್ಬದ ದಿನ ಯಾರಾದರೂ ಎದೆ ಡವಡವ ಅನ್ನಿಸುವ ಕಥೆ ಓದುತ್ತಾರಾ ಅಂತ ಮೊದಲು ನಗು ಬರುತ್ತಿತ್ತು. ಇಲ್ಲಿ ಡಿಸೆಂಬರ್ ಕೊನೆಗೆ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ರಾಲಿನ್ಸ್ ಕಡೆ ಹೋಗುವ ಐ-80 ಹೆದ್ದಾರಿಯನ್ನು ಹಿಮಕ್ಕೂ ಗಾಳಿಗೂ ಮತ್ತೆ ಮತ್ತೆ ಮುಚ್ಚುತ್ತಾರೆ. 1970ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕೆಲವೇ ದಿನಕ್ಕೆ ಹಿಮ ಸುರಿದು ಮುಚ್ಚಿತ್ತು. ಹಬ್ಬವೂ ದಿಗ್ಬಂಧನವೂ ಇಲ್ಲಿ ಒಂದೇ ವಾರ ಬರುತ್ತವೆ. ನಮ್ಮ ಮಲೆನಾಡಿನಲ್ಲಿ ಹೊಳೆ ಉಕ್ಕಿ, ಮರ ಬಿದ್ದು, ಕರೆಂಟು ಹೋಗಿ ಊರು ಒಂಟಿಯಾಗುವುದು ಆಷಾಢದಲ್ಲಿ. ದೀಪಾವಳಿ ಹೊತ್ತಿಗೆ ದಾರಿ ಒಣಗಿ ನೆಂಟರು ಬಸ್ಸಿಳಿಯುತ್ತಿರುತ್ತಾರೆ.

ಹಿಮಕ್ಕಿಂತ ನನ್ನನ್ನು ಹಿಡಿದದ್ದು ಶೆರಿಫ್. ಈ ಹೆಸರಿನ ಹುದ್ದೆ ನಮ್ಮಲ್ಲಿ ಮುಂಬಯಿಗೂ ಕಲ್ಕತ್ತೆಗೂ ಇತ್ತು, ಆದರೆ ಅದು ಬರೀ ಗೌರವಕ್ಕೆ. ಇಲ್ಲಿನದು ಬೇರೆ. ವಯೋಮಿಂಗ್ ವಿಸ್ತೀರ್ಣದಲ್ಲಿ ಕರ್ನಾಟಕಕ್ಕಿಂತ ದೊಡ್ಡದು. ಜನ 2020ರ ಗಣತಿಯಂತೆ 5,76,851. ನಮ್ಮ ಜಿಲ್ಲೆಗಳಂಥ ಕೌಂಟಿಗಳು 23. ಒಂದೊಂದಕ್ಕೂ ಒಬ್ಬ ಶೆರಿಫ್, ನಾಲ್ಕು ವರ್ಷಕ್ಕೊಮ್ಮೆ ಜನರೇ ಮತ ಹಾಕಿ ಆರಿಸುತ್ತಾರೆ, ಅದೂ ಪಕ್ಷದ ಚಿಹ್ನೆಯಡಿ. ಕೌಂಟಿಯ ಜೈಲು, ಕೋರ್ಟಿನ ಸಮನ್ಸು, ಬೆಟ್ಟದಲ್ಲಿ ದಾರಿ ತಪ್ಪಿದವರ ಹುಡುಕಾಟ, ಎಲ್ಲ ಅವನ ತಲೆಗೇ. ಕಥೆಯಲ್ಲಿ ಅವನು ಹಿಮದಲ್ಲಿ ಕಾಲೆಳೆದುಕೊಂಡು ಹೋಗಿ ತಟ್ಟುವ ಬಾಗಿಲು ತನಗೆ ಓಟು ಹಾಕಿದವನದು. ಹೆಂಡತಿಯ ಗೆಳತಿಯ ಮನೆಯೋ ಸ್ಕೂಲಿನ ಮೇಷ್ಟರ ಮನೆಯೋ ಇದ್ದೀತು. ಹೆಣ ಯಾರದು ಅನ್ನುವುದಕ್ಕಿಂತ, ಈ ಬಾಗಿಲು ತಟ್ಟಿದ ಮೇಲೆ ನಾಳೆ ಚರ್ಚಿನಲ್ಲಿ ಇವನು ಎಲ್ಲಿ ಕೂರುತ್ತಾನೆ ಅನ್ನುವುದೇ ನನ್ನ ಉಸಿರು ಕಟ್ಟಿಸುತ್ತದೆ.

ಆಗೆಲ್ಲ ನಮ್ಮೂರ ಠಾಣೆಯ ಬೆಂಚು ನೆನಪಾಗುತ್ತದೆ. ದೀಪಾವಳಿಯಲ್ಲಿ ಬೂರೆ ಹಬ್ಬದ ರಾತ್ರಿ ಹುಡುಗರು ಅವರಿವರ ಹಿತ್ತಿಲಿಂದ ಸೌತೆಕಾಯಿ, ಎಳನೀರು ಕದಿಯುವುದು ನಮ್ಮ ಕಡೆಯ ಪದ್ಧತಿ. ಬೆಳಗ್ಗೆ ಬೈಗುಳ ಉಂಟು, ದೂರು ಇಲ್ಲ. ನಾನು ಪಿಯುಸಿಯಲ್ಲಿದ್ದಾಗ, ಬಯಲುಸೀಮೆಯಿಂದ ಆಗಷ್ಟೇ ಬಂದಿದ್ದ ಎಸ್‌ಐ ನಮ್ಮನ್ನು ಬಾಳೆಗೊನೆ ಸಮೇತ ಹಿಡಿದು ಕೂರಿಸಿದರು.

“ಕದ್ದಿದ್ದು ಹೌದೋ ಅಲ್ವೋ?”

“ಹೌದು ಸಾರ್. ಆದ್ರೆ ಇವತ್ತು ಬೂರೆ.”

“ಹಂಗಂದ್ರೇನೋ?”

ಕೊನೆಗೆ ಗೊನೆಯ ಯಜಮಾನರೇ ಟಾರ್ಚ್ ಹಿಡಿದು ಬಂದು, “ಬಿಡಿ ಸ್ವಾಮಿ, ನಮ್ಮನೆ ಗೊನೆ ಮುಟ್ಟದೇ ಹೋಗಿದ್ರೆ ನಂಗೆ ಬೇಜಾರಾಗ್ತಿತ್ತು” ಅಂದ ಮೇಲೆ ಬಿಟ್ಟರು. ಎಸ್‌ಐ ಕೆಟ್ಟವರೇನಲ್ಲ. ಊರಿನ ನಾಡಿ ಅವರ ಕೈಗೆ ಸಿಗುವ ಹೊತ್ತಿಗೆ ವರ್ಗವಾಯಿತು, ಅಷ್ಟೆ. ಠಾಣಾಧಿಕಾರಿಗೆ ಎರಡು ವರ್ಷವಾದರೂ ಒಂದೆಡೆ ಇರಲು ಬಿಡಿ ಅಂತ 2006ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಹಾಗಂತ ಶೆರಿಫನ ಪದ್ಧತಿಯೇ ಮೇಲು ಅನ್ನಲಾರೆ. ಊರಿನವನೇ ಪೊಲೀಸಾಗಿದ್ದ ಕಾಲ ನಮಗೂ ಇತ್ತು: ಪಟೇಲರು. ಅಪ್ಪನಿಂದ ಮಗನಿಗೆ ಬರುತ್ತಿದ್ದ ಆ ಹುದ್ದೆಯನ್ನು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ತೆಗೆಯಿತು, ಒಳ್ಳೆಯದೇ ಆಯಿತು. ಪಟೇಲರ ಅಳಿಯನೇ ಬೇಲಿ ಒತ್ತಿದರೆ ಕೇಳುವವರು ಯಾರಿದ್ದರು? ಇಲ್ಲಿಯೂ ಸಾವಿರಾರು ಎಕರೆ ರಾಂಚ್‌ನ ಒಡೆಯನನ್ನು ಎದುರುಹಾಕಿಕೊಂಡ ಶೆರಿಫ್ ಮುಂದಿನ ಚುನಾವಣೆ ನೆನೆದುಕೊಳ್ಳಬೇಕು. ನಮ್ಮ ಎಸ್‌ಐಗೆ ಊರಿನ ಹಂಗಿಲ್ಲ, ಆದರೆ ಪೋಸ್ಟಿಂಗ್‌ಗಾಗಿ ಶಾಸಕರ ಪತ್ರದ ಹಂಗು ಇರುತ್ತದೆ. ಕಥೆಗಾರನಾಗಿ ಕೇಳಿದರೆ ನನಗೆ ಮೊದಲನೆಯ ಹಂಗೇ ಬೇಕು. ಪತ್ರದ ಹಂಗು ಮನುಷ್ಯನನ್ನು ಒಳಗೊಳಗೇ ಕೊಯ್ಯುವುದಿಲ್ಲ.

ಕಳೆದ ಚಳಿಗಾಲ ರಸ್ತೆ ಮುಚ್ಚಿದ್ದಾಗ ನಾನೂ ಕನ್ನಡದಲ್ಲಿ ಒಂದು ಬರೆಯಲು ಕೂತೆ. ಬೂರೆ ರಾತ್ರಿ, ಕದ್ದ ಗೊನೆಗಳ ನಡುವೆ ನಿಜವಾಗಿ ಕಳುವಾದದ್ದೊಂದು, ಊರಿನವರೆಲ್ಲರ ಗುಟ್ಟು ಬಲ್ಲ ಎಸ್‌ಐ. ಎರಡು ಅಧ್ಯಾಯ ಚೆನ್ನಾಗಿ ಹೋಯಿತು. ಊರಿನ ಗುಟ್ಟೆಲ್ಲ ಇವರಿಗೆ ಗೊತ್ತಿರಬೇಕಾದರೆ ಇಲ್ಲಿ ಎಷ್ಟು ವರ್ಷದಿಂದ ಇದ್ದಿರಬೇಕು ಅಂತ ಲೆಕ್ಕ ಹಾಕಿದೆ. ಹನ್ನೆರಡು ಬಂತು. ಊರಲ್ಲಿರುವ ಅಕ್ಕನಿಗೆ ಓದಿ ಹೇಳಿದರೆ, “ಹನ್ನೆರಡು ವರ್ಷ ಒಂದೇ ಠಾಣೇಲಾ? ಕಳ್ಳನ್ನ ಬೇಕಾದ್ರೆ ನಂಬ್ತೀನಿ, ಇದನ್ನ ನಂಬಲ್ಲ ಕಣೋ” ಅಂದಳು.