ರೈಲೊಂದು ಬಿಟ್ಟು ಎಲ್ಲಾ ಇದೆ

ಸಿನ್ಸಿನಾಟಿಗೆ ಅಂತ ವಿಮಾನದ ಟಿಕೆಟ್ ತೆಗೆಸಿದರೆ ಇಳಿಸುವುದು ಕೆಂಟಕಿಯಲ್ಲಿ. ಊರಿರುವುದು ಒಹಾಯೋ ರಾಜ್ಯದಲ್ಲಿ, ವಿಮಾನ ನಿಲ್ದಾಣ ನದಿಯಾಚೆಯ ಬೇರೆ ರಾಜ್ಯದಲ್ಲಿ. ಟಿಕೆಟ್ಟಿನ ಮೇಲೆ ಸಿವಿಜಿ ಅಂತ ಮೂರಕ್ಷರ ಇರುತ್ತದೆ. ಅದೂ ಸಿನ್ಸಿನಾಟಿಯದಲ್ಲ, ಪಕ್ಕದ ಕೋವಿಂಗ್ಟನ್ ಊರಿನದು. "ಹೊಸೂರಲ್ಲಿ ಇಳಿಸಿ ಇದೇ ಬೆಂಗಳೂರು ಅಂದ ಹಾಗಾಯ್ತಲ್ರೀ" ಅಂದಳು ನನ್ನಾಕೆ. ಈ ಊರಿನ ಸ್ವಭಾವ ಆಗಲೇ ಅರ್ಥವಾಗಬೇಕಿತ್ತು.

ಮಗಳ ಮನೆ ಮೇಸನ್ನಿನಲ್ಲಿ, ಪೇಟೆಯಿಂದ ಸುಮಾರು 20 ಮೈಲಿ. ಶನಿವಾರ ಅಳಿಯಂದಿರು ಊರು ತೋರಿಸಲು ಕರೆದುಕೊಂಡು ಹೊರಟರು. ಕಾರಿನಲ್ಲೇ, ಬೇರೆ ಹೇಗೆ? ಮೊದಲು ನಿಲ್ಲಿಸಿದ್ದು 'ಓವರ್ ದ ರೈನ್' ಅನ್ನುವ ಬಡಾವಣೆಯಲ್ಲಿ. ಕೆಂಪು ಇಟ್ಟಿಗೆಯ ಎತ್ತರದ ಹಳೇ ಮನೆಗಳು, ಸಾಲು ಸಾಲು. ಚೆನ್ನಾಗಿದೆ. ರೈನ್ ನದಿಯ ಆಚೆ ದಡ ಅಂತ ಹೆಸರಿನ ಅರ್ಥ.

"ನದಿ ಎಲ್ಲಿ?"

"ಜರ್ಮನಿಯಲ್ಲಿ" ಅಂದರು ಅಳಿಯಂದಿರು.

ಹಿಂದೆ ಇಲ್ಲಿ ಮಯಾಮಿ–ಈರಿ ಅಂತ ಒಂದು ದೋಣಿ ಕಾಲುವೆ ಇತ್ತಂತೆ. ಅದರಾಚೆ ಜರ್ಮನಿಯಿಂದ ಬಂದವರು ಮನೆ ಕಟ್ಟಿಕೊಂಡರು. ಕಾಲುವೆಯನ್ನೇ ರೈನ್ ಅಂದರು. ತೌರಿನ ನೆನಪು, ತಪ್ಪೇನಿಲ್ಲ. ಆದರೆ ಈಗ ಕಾಲುವೆಯೂ ಇಲ್ಲ. ಅದನ್ನು ಬತ್ತಿಸಿ, ಅದರ ಪಾತ್ರದಲ್ಲೇ ಸಬ್‌ವೇ, ಅಂದರೆ ನೆಲದಡಿಯ ರೈಲಿಗೆ ದಾರಿ, ಕಟ್ಟಿ, ಮೇಲೆ ಸೆಂಟ್ರಲ್ ಪಾರ್ಕ್‌ವೇ ಅನ್ನುವ ಅಗಲ ರಸ್ತೆ ಹಾಸಿದ್ದಾರೆ.

"ಹಾಗಾದರೆ ನಮ್ಮ ಕಾಲಡಿಯೇ ರೈಲು ಓಡ್ತಿದೆ?"

"ಸುರಂಗ ಇದೆ ಮಾವ. ರೈಲಿಲ್ಲ."

"ಶನಿವಾರ ರಜೆನಾ?"

"ಅಲ್ಲ ಮಾವ. ಬಂದೇ ಇಲ್ಲ. ನೂರು ವರ್ಷದಿಂದ."

ಕಥೆ ಹೀಗಿದೆ. 1916ರಲ್ಲಿ ಊರಿನವರು ಮತ ಹಾಕಿ 60 ಲಕ್ಷ ಡಾಲರ್ ಸಾಲಕ್ಕೆ ಒಪ್ಪಿದರು. ಅಷ್ಟರಲ್ಲಿ ಯುದ್ಧ ಬಂತು. ಯುದ್ಧ ಮುಗಿದು 1920ರಲ್ಲಿ ಗುದ್ದಲಿ ಹಿಡಿಯುವ ಹೊತ್ತಿಗೆ ಕಬ್ಬಿಣ, ಕಾಂಕ್ರೀಟು, ಕೂಲಿ ಎಲ್ಲದರ ಬೆಲೆಯೂ ಏರಿತ್ತು. ಎರಡು ಮೈಲಿ ಸುರಂಗ ಆಯಿತು, ಪ್ಲಾಟ್‌ಫಾರ್ಮ್ ಆಯಿತು, ಇಳಿಯಲು ಮೆಟ್ಟಿಲೂ ಆಯಿತು. ಹಳಿ ಹಾಕುವ ಮೊದಲೇ ದುಡ್ಡು ಮುಗಿಯಿತು. ಆಮೇಲೆ ಎಲ್ಲರೂ ಕಾರು ಕೊಂಡರು. ಇತ್ತ ಸಾಲ ತೀರಿದ್ದು 1966ರಲ್ಲಿ, ಬಡ್ಡಿ ಸೇರಿ ಸುಮಾರು 1 ಕೋಟಿ 30 ಲಕ್ಷ ಡಾಲರ್. ಚಪ್ಪರ ಹಾಕಿ, ಓಲಗದವರಿಗೆ ಅಡ್ವಾನ್ಸ್ ಕೊಟ್ಟು, ಲಾಡು ಕಟ್ಟಿ, ಗಂಡೇ ಬರದ ಮದುವೆಯ ಸಾಲವನ್ನು ಮೊಮ್ಮಕ್ಕಳ ಕಾಲದವರೆಗೆ ಕಟ್ಟಿದ ಹಾಗೆ.

ಸುರಂಗ ಸುಮ್ಮನೆ ಬಿದ್ದಿಲ್ಲ, ಹಾಗೆ ಹೇಳಿದರೆ ಅನ್ಯಾಯ. 1950ರ ದಶಕದಲ್ಲಿ ಅದರೊಳಗೆ ದಪ್ಪನೆಯ ನೀರಿನ ಪೈಪು ಹಾಕಿದರು. 60ರ ದಶಕದಲ್ಲಿ ಒಂದು ನಿಲ್ದಾಣವನ್ನು ಅಣುಬಾಂಬು ಬಿದ್ದರೆ ಅಡಗಲು ಸಜ್ಜು ಮಾಡಿದರು. ಬಾಂಬೂ ಬರಲಿಲ್ಲ. ಈಗ ರಸ್ತೆ ಕುಸಿಯದಿರಲಿ ಅಂತ ಆಗಾಗ ರಿಪೇರಿ ಮಾಡುತ್ತಾರೆ. ಮುಚ್ಚೋಣ ಅಂದರೆ ಖರ್ಚು ಜಾಸ್ತಿಯಂತೆ.

ಇದನ್ನೆಲ್ಲ ಕೇಳಿ ನನಗೆ ಹಸಿವಾಯಿತು.

ಇಲ್ಲಿಯ ಹೆಸರುವಾಸಿ ತಿಂಡಿ ಚಿಲ್ಲಿ. ಮೆಣಸಿನಕಾಯಿ ಅಂದುಕೊಂಡು ಹೆದರಬೇಡಿ. ಅದು ಮಾಂಸದ ತೆಳು ಗೊಜ್ಜು. 1922ರಲ್ಲಿ ಮ್ಯಾಸಿಡೋನಿಯಾದಿಂದ ಬಂದ ಅಣ್ಣತಮ್ಮಂದಿರು ಶುರು ಮಾಡಿದ್ದು. ಅದಕ್ಕೆ ಚಕ್ಕೆ, ಲವಂಗ ಹಾಕಿ, ಸ್ಪಗೆಟ್ಟಿ ಮೇಲೆ ಸುರಿದು ಕೊಡುತ್ತಾರೆ. ನಮ್ಮಂಥ ಸಸ್ಯಾಹಾರಿಗಳಿಗೆ ಮಾಂಸದ ಬದಲು ಕಪ್ಪು ಬೀನ್ಸು, ಅನ್ನ. ತಟ್ಟೆ ಬಂದಾಗ ನೋಡುತ್ತೇನೆ, ಮೇಲೆ ಗುಡ್ಡದಷ್ಟು ಹಳದಿ ಚೀಸ್ ತುರಿ. ಶ್ಯಾವಿಗೆಗೆ ಯಾರೋ ಎರಡು ತೆಂಗಿನಕಾಯಿ ತುರಿದು ಸುರಿದ ಹಾಗೆ. ಅಳಿಯಂದಿರ ತಟ್ಟೆಯ ಹಬೆಗೆ ಮೂಗೊಡ್ಡಿ ನನ್ನಾಕೆ, "ಬಿಸಿಬೇಳೆಬಾತಿನ ಪುಡಿ ಹಾಕಿದ್ದಾರೆ ಕಣ್ರೀ" ಅಂದಳು. ಅಳಿಯಂದಿರು ಮರುಮಾತಾಡಲಿಲ್ಲ. ಅತ್ತೆಯ ಮಾತು.

ಮಜಾ ಇರುವುದು ಆರ್ಡರ್ ಮಾಡುವುದರಲ್ಲಿ. ಶ್ಯಾವಿಗೆ, ಗೊಜ್ಜು, ಚೀಸ್ ಆದರೆ 'ತ್ರೀ ವೇ'. ಈರುಳ್ಳಿಯೋ ಬೀನ್ಸೋ ಸೇರಿದರೆ 'ಫೋರ್ ವೇ'. ಎರಡೂ ಬೇಕಾದರೆ 'ಫೈವ್ ವೇ'. ಮೇಸನ್ನಿನಿಂದ ಪೇಟೆಗೆ ಬರಲು ಅಳಿಯಂದಿರಿಗೆ ಗೊತ್ತಿರುವುದು ಒಂದೇ ದಾರಿ, ಹೆದ್ದಾರಿ. ತಟ್ಟೆಯಲ್ಲಿ ಐದಿವೆ.

ಊಟದ ಮೇಲೆ ಹೊಳೆ ಕಡೆ ನಡೆದೆವು. ಅಲ್ಲಿ ಕಂಬಗಳ ಮೇಲೆ ರೆಕ್ಕೆಯಿರುವ ಹಂದಿಗಳು ನಿಂತಿವೆ. ಒಂದು ಕಾಲಕ್ಕೆ ಹಂದಿ ವ್ಯಾಪಾರದಿಂದಲೇ ಬೆಳೆದ ಊರಂತೆ, ಪೋರ್ಕೊಪೊಲಿಸ್ ಅನ್ನುವ ಅಡ್ಡಹೆಸರೂ ಇತ್ತು. ಹಂದಿ ಹಾರುವ ಊರಲ್ಲಿ ರೈಲು ಓಡಲು ಯಾಕೆ ಇಷ್ಟು ಕಷ್ಟ ಅಂತ ಕೇಳಿದೆ.

"ಈ ಊರಿಗೆ ಸ್ವಂತ ರೈಲು ಮಾರ್ಗವೇ ಇತ್ತು ಮಾವ" ಅಂದರು.

ತಮಾಷೆಯಲ್ಲ. ಊರಿನವರೇ ದುಡ್ಡು ಹಾಕಿ 1880ರ ಹೊತ್ತಿಗೆ ಟೆನ್ನೆಸಿಯ ಚಟನೂಗಾವರೆಗೆ, ಮುನ್ನೂರು ಮೈಲಿಗೂ ಜಾಸ್ತಿ, ಹಳಿ ಹಾಕಿಸಿದ್ದರು. ಅಮೆರಿಕದಲ್ಲಿ ರಾಜ್ಯದ ಗಡಿ ದಾಟುವ ರೈಲು ಮಾರ್ಗದ ಒಡೆತನ ಇದ್ದ ನಗರ ಇದೊಂದೇ. ಅದನ್ನು ಗೂಡ್ಸ್ ರೈಲಿನ ಕಂಪನಿಗೆ ಬಾಡಿಗೆಗೆ ಕೊಟ್ಟು, 2023ರಲ್ಲಿ ಮತ ಹಾಕಿ 160 ಕೋಟಿ ಡಾಲರಿಗೆ ಅದಕ್ಕೇ ಮಾರಲು ಒಪ್ಪಿದರು. ಆ ದುಡ್ಡಿನಲ್ಲಿ ಊರೊಳಗೆ ಹೊಸ ರೈಲು ಹಾಕಬಹುದಾ? ಆಗಲ್ಲ. ಈಗಾಗಲೇ ಇರುವುದರ ರಿಪೇರಿಗೆ, ಸುಧಾರಣೆಗೆ ಮಾತ್ರ ಅಂತ ಕಾನೂನು. ಹಲ್ಲಿದ್ದವರಿಗೆ ಕಡಲೆಯಿಲ್ಲ ಅಂತಾರೆ. ಇಲ್ಲಿ ಎರಡೂ ಇತ್ತು. ಅಗಿಯಲಿಲ್ಲ, ಅಷ್ಟೇ.

ಒಂದು ಸುರಂಗದಿಂದ ಬುದ್ಧಿ ಬಂದಿರಬೇಕು ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡೆ. ಹೊಳೆ ದಂಡೆಯ ಸೆಕೆಂಡ್ ಸ್ಟ್ರೀಟ್ ಕೆಳಗೆ 2003ರಲ್ಲಿ ಇನ್ನೊಂದು ನೆಲದಡಿಯ ನಿಲ್ದಾಣ ಕಟ್ಟಿದ್ದಾರೆ. ಗಂಟೆಗೆ 500 ಬಸ್ಸು, 20,000 ಜನರನ್ನು ಸಂಭಾಳಿಸುವಷ್ಟು ದೊಡ್ಡದು. ಮುಂದೆ ಯಾವತ್ತಾದರೂ ಲೈಟ್ ರೈಲು, ಅಂದರೆ ಊರೊಳಗೆ ಓಡುವ ಚಿಕ್ಕ ರೈಲು, ಬಂದರೆ ಅದಕ್ಕೂ ಜಾಗ ಇರಲಿ ಅಂತ. ಆ ಲೈಟ್ ರೈಲಿಗೆ ತೆರಿಗೆ ಕೊಡ್ತೀರಾ ಅಂತ 2002ರಲ್ಲೇ ಜನರನ್ನು ಕೇಳಿದ್ದರು. ಜನ ಬೇಡ ಅಂದಿದ್ದರು. ಹಾಗಾಗಿ ಮ್ಯಾಚು, ಜಾತ್ರೆ ಇದ್ದ ದಿನ ಬಾಗಿಲು ತೆಗೆಯುತ್ತಾರೆ. ಮಿಕ್ಕ ದಿನ ಹೆಚ್ಚಾಗಿ ಖಾಲಿ.

ಕೊನೆಗೂ ಒಂದು ರೈಲು ಸಿಕ್ಕಿತು. ರಸ್ತೆ ಮೇಲೆ ಓಡುವ ಸ್ಟ್ರೀಟ್‌ಕಾರ್. ಟಿಕೆಟ್ಟಿಲ್ಲ, ಕಂಡಕ್ಟರಿಲ್ಲ, ಚಿಲ್ಲರೆ ಕೊಡಿ ಅನ್ನುವವರಿಲ್ಲ. ಪೂರ್ತಿ ಫ್ರೀ. 2013ರಲ್ಲಿ ಸ್ವಲ್ಪ ಹಳಿ ಹಾಕಿದ ಮೇಲೆ ಹೊಸ ಮೇಯರು ಬಂದು ಕೆಲಸ ನಿಲ್ಲಿಸಿದ್ದರು. ಲೆಕ್ಕ ಹಾಕಿಸಿದರೆ, ನಿಲ್ಲಿಸಲೂ ಕೋಟಿಗಟ್ಟಲೆ ಡಾಲರ್ ಖರ್ಚು ಅಂತ ಬಂತು. ಕೊನೆಗೆ ಮುಗಿಸಿದರು. 2016ರಲ್ಲಿ ಓಡಿತು. ಗುಡ್ಡದ ಮೇಲಿನ ವಿಶ್ವವಿದ್ಯಾಲಯದವರೆಗೂ ಹೋಗಬೇಕಿತ್ತು, ರಾಜ್ಯ ಸರ್ಕಾರ ದುಡ್ಡು ಹಿಂತೆಗೆದುಕೊಂಡಿದ್ದರಿಂದ ಗುಡ್ಡದ ಕೆಳಗೇ ಉಳಿಯಿತು. 3.6 ಮೈಲಿಯ ಒಂದು ಸುತ್ತು. ಹೊಳೆಯಿಂದ ಫಿಂಡ್ಲೆ ಮಾರ್ಕೆಟ್ಟಿನತ್ತ ಹೋಗಿ, ತಿರುಗಿ ಹೊಳೆಗೇ. ರಥಬೀದಿ ಸುತ್ತಿ ಮೂಲಸ್ಥಾನಕ್ಕೆ ಬರುವ ತೇರಿನಂತೆ. ನಾವು ಹತ್ತಿದಲ್ಲೇ ಬಂದು ಇಳಿದೆವು. ನನ್ನಾಕೆ ಅಭ್ಯಾಸಬಲದಿಂದ ಕೈ ಮುಗಿದಳು.

ದೊಡ್ಡ ರೈಲು ಇಲ್ಲವಾ ಅಂದರೆ, ಇದೆ. 1933ರಲ್ಲಿ ತೆರೆದ ಯೂನಿಯನ್ ಟರ್ಮಿನಲ್ ನೋಡಬೇಕು ನೀವು. ಆಕಾಶವನ್ನೇ ಅರ್ಧ ಕತ್ತರಿಸಿ ಕವುಚಿದಂಥ ಗುಮ್ಮಟ. ದಿನಕ್ಕೆ 216 ರೈಲಿಗೆ ಅಂತ ಕಟ್ಟಿದ್ದು. ಈಗ ಒಳಗೆ ಡೈನೊಸಾರ್ ಎಲುಬಿನ ಮ್ಯೂಸಿಯಂ. ರೈಲು ಮಾತ್ರ ವಾರಕ್ಕೆ ಮೂರು ದಿನ, ಕಾರ್ಡಿನಲ್ ಅಂತ. ಶಿಕಾಗೋಗೆ ಹೋಗುವಾಗ ಇಲ್ಲಿಗೆ ಬರುವುದು ರಾತ್ರಿ ಒಂದು ಗಂಟೆಯ ಮೇಲೆ. ಊರೆಲ್ಲ ಮಲಗಿರುತ್ತದೆ.

ಆದರೆ ಆಗ ಮೈಸೂರಿನಲ್ಲಿ ಹಗಲು ಹನ್ನೊಂದು. ಭಾರತದಿಂದ ಬಂದು ವಾರವೂ ಆಗದ ನಮ್ಮಿಬ್ಬರಿಗೆ ಕಣ್ಣು ಪಿಳಿಪಿಳಿ. ಈ ವೇಳಾಪಟ್ಟಿ ಮಾಡಿದ ಪುಣ್ಯಾತ್ಮ ನಮ್ಮನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದ ಅನ್ನಿಸಿತು. ಅಳಿಯಂದಿರನ್ನು ಎಬ್ಬಿಸಿದೆವು. ಪಾಪ, ಆಕಳಿಸುತ್ತಲೇ 20 ಮೈಲಿ ಕಾರು ಓಡಿಸಿದರು.

ರೈಲು ಬಂತು. ದಿಂಬು ಹಿಡಿದ ಒಂದಿಬ್ಬರು ಇಳಿದರು. ನನ್ನಾಕೆ ಬೋಗಿಯ ಕಿಟಕಿಗಳನ್ನೇ ನೋಡುತ್ತಾ ಕೇಳಿದಳು, "ಶಿಕಾಗೋದಲ್ಲಿ ಊರೊಳಗೂ ರೈಲು ಓಡುತ್ತಂತಲ್ಲ, ಹೌದೇನ್ರೀ?"

"ಹೌದು."

"ಹಂಗಿದ್ರೆ ಹತ್ತಿಬಿಡೋಣ್ವಾ?"