ಗೆರಿ ಸಾಹೇಬರ ಗೆರೆ

ಚುನಾವಣೆ ಗೆಲ್ಲಲು ಮನೆಮನೆ ಸುತ್ತಬೇಕು, ಕಂಡವರಿಗೆಲ್ಲ ಕೈಮುಗಿಯಬೇಕು ಎಂದು ನಂಬಿರುವವರು ಅಮೆರಿಕದ ರಾಜಕಾರಣಿಗಳ ಶಿಷ್ಯತ್ವ ವಹಿಸುವುದು ಒಳ್ಳೆಯದು. ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ ಕ್ಷೇತ್ರಗಳ ಗಡಿ ಗುರುತಿಸುವವರು ಶಾಸಕರೇ. ಬೇಲಿಯೇ ಎದ್ದು ಹೊಲ ಮೇಯುವುದನ್ನು ನಾವು ಗಾದೆ ಮಾಡಿ ಸುಮ್ಮನಾದೆವು, ಅವರು ಮಸೂದೆ ಮಂಡಿಸಿ ಪಾಸು ಮಾಡಿಕೊಂಡರು.

ಈ ವಿದ್ಯೆಯ ಹೆಸರು ಜೆರ್ರಿಮ್ಯಾಂಡರಿಂಗ್. 1812ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಎಲ್ಬ್ರಿಜ್ ಗೆರಿ ತಮ್ಮ ಪಕ್ಷಕ್ಕೆ ಒಗ್ಗುವಂತೆ ಕತ್ತರಿಸಿದ ರಾಜ್ಯ ಸೆನೆಟ್ (ಮೇಲ್ಮನೆ) ಕ್ಷೇತ್ರಗಳ ಮಸೂದೆಗೆ ಸಹಿ ಹಾಕಿದರು. ಎಸೆಕ್ಸ್ ಕೌಂಟಿಯ ಒಂದು ಕ್ಷೇತ್ರವಂತೂ ಹಾವಿನಂತೆ ಸುತ್ತಿಕೊಂಡಿತ್ತು. ಬಾಸ್ಟನ್ ಗೆಜೆಟ್ ಪತ್ರಿಕೆ ಅದಕ್ಕೆ ರೆಕ್ಕೆ, ಉಗುರು, ಹಲ್ಲು ಬರೆದು, ಸಾಲಮ್ಯಾಂಡರ್ ಎಂಬ ಹಲ್ಲಿಯಂಥ ಪ್ರಾಣಿಯ ಬಾಲಕ್ಕೆ ಗವರ್ನರರ ಹೆಸರು ಗಂಟುಹಾಕಿ ಅಚ್ಚು ಹಾಕಿತು. (ಗೆರಿ ಮುಂದೆ ಜನರ ಬಾಯಲ್ಲಿ ಜೆರ್ರಿಯಾದರು. ಕನ್ನಡದಲ್ಲಾಗಿದ್ದರೆ ಗೆರೆಯಾಗಿಯೇ ಉಳಿಯುತ್ತಿದ್ದರು.) ಆ ವರ್ಷ ಕಡಿಮೆ ಮತ ಪಡೆದ ಗೆರಿ ಪಕ್ಷಕ್ಕೆ 40ರಲ್ಲಿ 29 ಸೆನೆಟ್ ಸ್ಥಾನ! ಗವರ್ನರ್ ಹುದ್ದೆಗೆ ಮಾತ್ರ ಇಡೀ ರಾಜ್ಯವೇ ಒಂದು ಕ್ಷೇತ್ರ, ಗೆರೆ ಎಳೆಯಲು ಜಾಗವಿರಲಿಲ್ಲ. ಗೆರಿ ಸೋತರು. ಸೋತವರನ್ನು ಕೈಬಿಡುವುದುಂಟೇ? ಮರುವರ್ಷ ದೇಶದ ಉಪಾಧ್ಯಕ್ಷರಾದರು.

ತಂತ್ರ ಸರಳ. ಎದುರು ಪಕ್ಷದ ಮತದಾರರನ್ನು ಒಂದೇ ಕ್ಷೇತ್ರದಲ್ಲಿ ತುರುಕು, ಮಿಕ್ಕವರನ್ನು ಎಲ್ಲೂ ಗೆಲ್ಲದಷ್ಟು ಚದುರಿಸು. ಹೀಗೆ ಹುಟ್ಟಿದ ಕ್ಷೇತ್ರಗಳ ಅಂದವೇ ಅಂದ. ಪೆನ್ಸಿಲ್ವೇನಿಯಾದ ಏಳನೆಯ ಕ್ಷೇತ್ರದಲ್ಲಿ ಜನರಿಗೆ ಕಾರ್ಟೂನಿನ ನಾಯಿ ಗೂಫಿ ಬಾತುಕೋಳಿ ಡೊನಾಲ್ಡ್ ಡಕ್‌ನನ್ನು ಒದೆಯುವುದು ಕಂಡಿತು. ಮೇರಿಲ್ಯಾಂಡಿನ ಮೂರನೆಯದು ಒಬ್ಬ ನ್ಯಾಯಾಧೀಶರ ಕಣ್ಣಿಗೆ ರೆಕ್ಕೆ ಮುರಿದ ಟೆರೋಡ್ಯಾಕ್ಟೈಲ್ (ಆದಿಕಾಲದ ಹಾರುವ ಸರೀಸೃಪ).

ಆದರೆ ನಿಜವಾದ ತಮಾಷೆ ಇರುವುದು ಕೋರ್ಟಿನಲ್ಲಿ. ಜನಾಂಗ ನೋಡಿ ಗೆರೆ ಎಳೆದರೆ ಸಂವಿಧಾನಕ್ಕೆ ಅಪಚಾರ. 2016ರಲ್ಲಿ ನಾರ್ತ್ ಕ್ಯಾರೊಲಿನಾದ ನಕ್ಷೆ ಈ ಕಾರಣಕ್ಕೇ ಬಿದ್ದುಹೋಯಿತು. ಹೊಸದನ್ನು ಬರೆಯಲು ಕುಳಿತಾಗ ಶಾಸಕ ಡೇವಿಡ್ ಲೂಯಿಸ್ ಸಮಿತಿಯ ಮುಂದೆ ಹೇಳಿದ್ದರ ಸಾರಾಂಶ: ನಮ್ಮ ರಿಪಬ್ಲಿಕನ್ ಪಕ್ಷಕ್ಕೆ 10, ಡೆಮಾಕ್ರಟರಿಗೆ 3 ಬರುವಂತೆ ಬರೆಯೋಣ, ಏಕೆಂದರೆ 11–2 ಮಾಡುವುದು ಸಾಧ್ಯವೆಂದು ನನಗನಿಸುವುದಿಲ್ಲ. ಎಂಥ ವಿನಯ! ಆ ಚುನಾವಣೆಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮತಕ್ಕೆ ಸರಿಯಾಗಿ 10 ಸ್ಥಾನ ಬಂದವು. 2019ರಲ್ಲಿ ಸುಪ್ರೀಂ ಕೋರ್ಟ್, ಇಂಥದ್ದು ಪ್ರಜಾಪ್ರಭುತ್ವಕ್ಕೆ ಹೊಂದುವುದಿಲ್ಲ ನಿಜ, ಆದರೆ ಪಕ್ಷದ ಲಾಭಕ್ಕೆ ಎಳೆದ ಗೆರೆಯನ್ನು ಅಳೆಯುವುದು ಫೆಡರಲ್ ನ್ಯಾಯಾಲಯಗಳ ಕೆಲಸವಲ್ಲ ಎಂದು 5–4ರ ಬಹುಮತದಿಂದ ಕೈತೊಳೆದುಕೊಂಡಿತು.

ಅಲ್ಲಿಂದೀಚೆಗೆ ದುರಾಸೆಯೇ ಗುರಾಣಿ. ವಿಚಾರಣೆ ಹೀಗಿರಬಹುದು:

“ಕಪ್ಪುವರ್ಣೀಯರ ಮತ ಒಡೆಯಲು ಈ ಗೆರೆ ಎಳೆದಿರಾ?”

“ರಾಮ ರಾಮ! ಎದುರು ಪಕ್ಷವನ್ನು ನಿರ್ನಾಮ ಮಾಡಲು ಮಾತ್ರ, ಸ್ವಾಮಿ.”

“ಮೊದಲೇ ಹೇಳಬಾರದೇ? ಹೋಗಿಬನ್ನಿ.”

ಕಪ್ಪುವರ್ಣೀಯರಲ್ಲಿ ಬಹುಪಾಲು ಜನ ಆ ಎದುರು ಪಕ್ಷಕ್ಕೇ ಮತ ಹಾಕುವವರು ಎಂಬುದು ಕೇವಲ ಕಾಕತಾಳೀಯ.

ಹತ್ತು ವರ್ಷಕ್ಕೊಮ್ಮೆ ಜನಗಣತಿಯಾದ ಮೇಲೆ ಗೆರೆ ಬದಲಿಸುವುದು ರೂಢಿ. 2025ರಲ್ಲಿ ಟ್ರಂಪ್ ಒತ್ತಾಯಕ್ಕೆ ಟೆಕ್ಸಸ್ ಹತ್ತು ವರ್ಷ ತುಂಬುವ ಮೊದಲೇ ಕತ್ತರಿ ಹಿಡಿಯಿತು, ರಿಪಬ್ಲಿಕನ್ನರಿಗೆ ಇನ್ನೂ ಐದು ಸ್ಥಾನ ಬೇಕಿತ್ತು. ಕೋರಂ (ಸದನ ನಡೆಸಲು ಬೇಕಾದ ಕನಿಷ್ಠ ಹಾಜರಿ) ತಪ್ಪಿಸಲು ಡೆಮಾಕ್ರಟಿಕ್ ಶಾಸಕರು ರಾಜ್ಯ ಬಿಟ್ಟು ಓಡಿದರು. ಹಲವರು ಹೋಗಿ ಆಶ್ರಯ ಪಡೆದದ್ದು ಇಲಿನಾಯ್ಸ್‌ನಲ್ಲಿ, ಅವರದೇ ಪಕ್ಷ 17ರಲ್ಲಿ 14 ಸ್ಥಾನ ಗೆಲ್ಲುವಂತೆ ಗೆರೆ ಕೊಯ್ದಿಟ್ಟ ಪುಣ್ಯಭೂಮಿಯಲ್ಲಿ! ಅಲ್ಲಿ ನಿಂತೇ ಗೆರೆಯ ಅನ್ಯಾಯದ ವಿರುದ್ಧ ಭಾಷಣ ಮಾಡಿದರು. ನಾಲಿಗೆ ತಡವರಿಸಿದ ವರದಿಯಿಲ್ಲ.

ಕ್ಯಾಲಿಫೋರ್ನಿಯಾ ಸಭ್ಯಸ್ಥ ರಾಜ್ಯ. ಗೆರೆ ಎಳೆಯಲು ಅಲ್ಲಿ ಸ್ವತಂತ್ರ ಆಯೋಗವೇ ಇದೆ. ಟೆಕ್ಸಸ್‌ಗೆ ಉತ್ತರ ಕೊಡಬೇಕೆಂದು ಅದರ ನಕ್ಷೆಯನ್ನು ಬದಿಗಿಟ್ಟರು, ಅದೂ ಮತದಾರರ ಒಪ್ಪಿಗೆ ಕೇಳಿ, ಬಹುಮತದಿಂದ. 2030ರ ಜನಗಣತಿಯ ನಂತರ ಆಯೋಗಕ್ಕೆ ಪೆನ್ಸಿಲ್ ವಾಪಸ್ ಕೊಡುತ್ತಾರಂತೆ. ಅಲ್ಲಿಯವರೆಗೆ ಪ್ರಾಮಾಣಿಕತೆಗೆ ವೇತನರಹಿತ ರಜೆ.