ಶ್ವಾನಕೃಪೆಯಿಂದ ಕಂಕಣಭಾಗ್ಯ

ನಾಯಿ ಜೋಡಿ ಕೂಡಿಸುವ ಪ್ರೇಮಕಥೆ ಇನ್ನೊಂದು ಬಂತು. ಕಬ್ಬನ್ ಪಾರ್ಕು, ಭಾನುವಾರದ ಬೆಳಗು, ತೆಳ್ಳಗೆ ಮಂಜು, ಒಂದು ಗೋಲ್ಡನ್ ರಿಟ್ರೀವರು. ಹುಡುಗನ ಕೈಯಿಂದ ಲೀಶು ಜಾರುತ್ತದೆ, ನಾಯಿ ಓಡುತ್ತದೆ, ಬೆಂಚಿನ ಮೇಲೆ ಪುಸ್ತಕ ಹಿಡಿದು ಕೂತವಳ ಮಡಿಲಿಗೆ ಹಾರುತ್ತದೆ, ಅವಳ ಕಾಫಿ ಚೆಲ್ಲುತ್ತದೆ. ‘ಸಾರಿ, ನಮ್ಮ ಬ್ರೂನೋ ಯಾರ ಹತ್ರಾನೂ ಹೀಗೆ ಹೋಗಲ್ಲ’ ಅನ್ನುತ್ತಾನೆ ಅವನು. ಮುಂದಿನದು ನಿಮಗೇ ಗೊತ್ತು. ಹತ್ತನೇ ಕಂತಿನಲ್ಲಿ ಬ್ರೂನೋ ಕೊರಳಿಗೆ ಉಂಗುರ ಕಟ್ಟಿಸಿಕೊಂಡು ಬರುತ್ತಾನೆ, ಹನ್ನೊಂದಕ್ಕೆ ಓಲಗ.

ಪುರವಣಿ ತೆರೆದರೂ ಇದೇ, ಮೊಬೈಲಿನ ಕಥಾ ಆ್ಯಪು ತೆರೆದರೂ ಇದೇ. ಒಂದು ಕಾಲದಲ್ಲಿ ಈ ಕೆಲಸಕ್ಕೆ ಸೋದರಮಾವ ಇದ್ದ, ಕಾಲೇಜು ಲೈಬ್ರರಿ ಇತ್ತು, ಮಳೆ ಇತ್ತು, ಘಾಟಿಯಲ್ಲಿ ಕೆಟ್ಟು ನಿಂತ ಬಸ್ಸಿತ್ತು. ಅವರನ್ನೆಲ್ಲ ನಿವೃತ್ತಿ ಮಾಡಿಸಿ ಈಗ ಲ್ಯಾಬ್ರಡಾರಿಗೆ ಚಾರ್ಜು ಕೊಡಲಾಗಿದೆ. ಕಮಿಷನ್ ಕೇಳುವುದಿಲ್ಲ, ಜಾತಕ ಕೇಳುವುದಿಲ್ಲ. ಬಹಳ ಸಂತೋಷ.

ಹಕ್ಕಿಪಕ್ಷಿಗಳ ಮಧ್ಯಸ್ತಿಕೆ ನಮಗೇನೂ ಹೊಸದಲ್ಲ. ನಳನಿಗೂ ದಮಯಂತಿಗೂ ಗಂಟು ಹಾಕಿದ್ದು ಹಂಸ. ಕನಕದಾಸರು ಭಾಮಿನಿ ಷಟ್ಪದಿಯಲ್ಲಿ ಅದನ್ನು ಹಾಡಿಯೂ ಆಗಿದೆ. ಆದರೆ ಆ ಹಂಸಕ್ಕೊಂದು ಕಾರಣವಿತ್ತು. ನಳ ಅದನ್ನು ಹಿಡಿದುಬಿಟ್ಟಿದ್ದ. ನನ್ನ ಬಿಡು, ದಮಯಂತಿಯ ಮುಂದೆ ನಿನ್ನ ಹೊಗಳುತ್ತೇನೆ ಅಂತ ಜೀವ ಉಳಿಸಿಕೊಳ್ಳಲು ವ್ಯವಹಾರ ಕುದುರಿಸಿತು. ಬ್ರೂನೋಗೆ ಇದರಲ್ಲಿ ಏನು ಗಿಟ್ಟುತ್ತದೆ? ಒಂದು ಬಿಸ್ಕತ್ತು. 1994ರಲ್ಲಿ ದೇಶವೆಲ್ಲ ಮುಗಿಬಿದ್ದು ನೋಡಿದ ಹಿಂದಿ ಸಿನಿಮಾದಲ್ಲಿ ಟಫಿ ಎಂಬ ಬಿಳಿ ನಾಯಿ ತಮ್ಮನಿಗೆ ಕೊಡಬೇಕಾದ ಚೀಟಿಯನ್ನು ಅಣ್ಣನಿಗೆ ಕೊಟ್ಟು ಮದುವೆಯ ದಿಕ್ಕನ್ನೇ ಬದಲಿಸಿತಲ್ಲ, ಅಂದಿನಿಂದ ನಮ್ಮ ಕಥೆಗಾರರಿಗೆ ನಾಯಿಯ ಬುದ್ಧಿಯ ಮೇಲೆ ಇರುವ ಭರವಸೆ ನಾಯಕನ ಬುದ್ಧಿಯ ಮೇಲೆ ಇಲ್ಲ.

ಗೋಲ್ಡನ್ ರಿಟ್ರೀವರು ‘ಯಾರ ಹತ್ರಾನೂ ಹೋಗಲ್ಲ’ ಎಂಬುದೇ ಮೊದಲ ಸುಳ್ಳು. ಬೇಟೆಗಾರ ಹೊಡೆದ ಬಾತುಕೋಳಿಯನ್ನು ಹಲ್ಲು ನಾಟಿಸದೆ ತಂದೊಪ್ಪಿಸಲಿ ಅಂತ 19ನೇ ಶತಮಾನದ ಸ್ಕಾಟ್ಲೆಂಡಿನಲ್ಲಿ ಬೆಳೆಸಿದ ತಳಿ ಅದು. ಕೊರಿಯರ್ ಹುಡುಗನ ಹತ್ತಿರ ಹೋಗುತ್ತದೆ, ಗ್ಯಾಸ್ ಸಿಲಿಂಡರಿನವನ ಹತ್ತಿರ ಹೋಗುತ್ತದೆ, ಕಳ್ಳ ಬಂದರೆ ಬೀರು ಎಲ್ಲಿದೆ ಅಂತ ಬಾಲ ಅಲ್ಲಾಡಿಸಿಕೊಂಡು ತೋರಿಸುತ್ತದೆ.

ಲೀಶು ಸುತ್ತಿಕೊಂಡು ಇಬ್ಬರೂ ಎದೆಗೆದೆ ತಾಗಿ ನಿಲ್ಲುವ ದೃಶ್ಯವಂತೂ 1961ರ ಡಿಸ್ನಿ ಕಾರ್ಟೂನಿನಿಂದ ಎತ್ತಿದ್ದು. ಅಲ್ಲಿ ಚುಕ್ಕೆನಾಯಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಯಜಮಾನನನ್ನೂ ಹುಡುಗಿಯನ್ನೂ ಸುತ್ತಿ ಕೊಳಕ್ಕೆ ಕೆಡವಿತ್ತು. ಕಾರ್ಟೂನಿನಲ್ಲಿ ನಾಯಿಗೆ ತೂಕವಿಲ್ಲ. ಬೆಳೆದ ಗಂಡು ಲ್ಯಾಬ್ರಡಾರು 30ರಿಂದ 36 ಕೆ.ಜಿ. ತೂಗುತ್ತದೆ. ಅಂಗಡಿಯ ಲೀಶು ಸುಮಾರು ಆರಡಿ. ಅದು ಸುತ್ತಿಕೊಳ್ಳುವುದು ಸೊಂಟಕ್ಕಲ್ಲ, ಮೊಣಕಾಲಿನ ಹಿಂದಕ್ಕೆ. ಬೀಳುವವರು ಕೈ ಊರುತ್ತಾರೆ, ಮಣಿಕಟ್ಟು ಮುರಿಯುತ್ತದೆ. ಗುಂಡಿ ಒತ್ತಿದರೆ ಐದು ಮೀಟರು ಬಿಚ್ಚಿಕೊಳ್ಳುವ ಲೀಶಾದರೆ ಇನ್ನೂ ಚೆನ್ನ: ದಾರ ಸಣ್ಣ, ಓಡುವ ನಾಯಿಯನ್ನು ತಡೆಯಲು ಅದನ್ನು ಹಿಡಿದರೆ ಅಂಗೈ ಚರ್ಮ ಕಿತ್ತು ಬರುತ್ತದೆ. ಮೊದಲ ನೋಟಕ್ಕೆ ಆರು ವಾರದ ಪ್ಲಾಸ್ಟರು.

ಇಬ್ಬರ ಬಳಿಯೂ ನಾಯಿ ಇರುವ ಕಥೆಗಳಲ್ಲಿ ಅವು ಕಂಡ ಕೂಡಲೇ ಮೂತಿಗೆ ಮೂತಿ ಕೊಟ್ಟು ಮುದ್ದಾಡುತ್ತವೆ. ಲೀಶು ಬಿಗಿದಿರುವಾಗ ನೇರ ಎದುರಾದ ನಾಯಿಗಳು ಜಗಳಕ್ಕೆ ಬೀಳುವುದೇ ಹೆಚ್ಚು. ಲೀಶು ಸಡಿಲ ಬಿಟ್ಟು, ಬಳಸಿ ಬರಲು ಬಿಟ್ಟು, ಪಕ್ಕದಿಂದ ಮೂರು ಸೆಕೆಂಡು ಮೂಸಿಸಿ ಕರೆದುಕೊಳ್ಳಬೇಕು. ಮೂಸುವುದೂ ಮೂತಿಯನ್ನಲ್ಲ, ಹಿಂಬದಿಯನ್ನು. ಅದನ್ನು ಯಾವ ಪ್ರೇಮಕಥೆಯಲ್ಲಿ ಬರೆದಾರು?

ನಾಯಿಯ ದೆಸೆಯಿಂದ ಅಪರಿಚಿತ ಗಂಡು ಹೆಣ್ಣು ಅರ್ಧ ಗಂಟೆ ಎದುರುಬದುರು ನಿಲ್ಲಲೇಬೇಕಾದ ಸಂದರ್ಭ ಒಂದು ನಿಜವಾಗಿಯೂ ಇದೆ. ಹೆಣ್ಣುನಾಯಿ ಸುಮಾರು ಆರು ತಿಂಗಳಿಗೊಮ್ಮೆ ಹೀಟಿಗೆ ಬರುತ್ತದೆ, ಮೂರು ವಾರ ಇರುತ್ತದೆ. ಸಾಮಾನ್ಯವಾಗಿ ಹತ್ತನೇ ದಿನ ಕಳೆದ ಮೇಲೆ ಗಂಡನ್ನು ಸೇರಿಸಿಕೊಳ್ಳುತ್ತದೆ. ಸೇರಿದ ಮೇಲೆ ಎರಡೂ ಗಂಟು ಬಿದ್ದು ಹತ್ತರಿಂದ ಮೂವತ್ತು ನಿಮಿಷ ಬೆನ್ನಿಗೆ ಬೆನ್ನು ಕೊಟ್ಟು ನಿಂತುಬಿಡುತ್ತವೆ. ಎಳೆದರೆ ಎರಡಕ್ಕೂ ಪೆಟ್ಟಾಗುತ್ತದೆ. ಆದ್ದರಿಂದ ಇವನೊಂದು ಕೊರಳಪಟ್ಟಿ, ಅವಳೊಂದು ಕೊರಳಪಟ್ಟಿ ಹಿಡಿದುಕೊಂಡು, ಎಲ್ಲಿ ನೋಡಬೇಕೆಂದು ತಿಳಿಯದೆ, ನಿಮ್ಮದು ಯಾವ ಕಂಪನಿ, ಟ್ರಾಫಿಕ್ಕು ಹೇಗೆ ಅಂತ ಮಾತಾಡುತ್ತ ನಿಲ್ಲಬೇಕು. ಗಂಡುನಾಯಿಯ ಕಡೆಯವರಿಗೆ ದುಡ್ಡೋ ಅಥವಾ ಮರಿಗಳಲ್ಲಿ ಒಂದೋ ಎಂಬ ಚೌಕಾಸಿಯೂ ಅಲ್ಲೇ. ಸುಮಾರು 63 ದಿನಕ್ಕೆ ಏಳೆಂಟು ಮರಿ. ನಾಯಕ ನಾಯಕಿ ಇನ್ನೂ ‘ನೀವು’ದಿಂದ ‘ನೀನು’ಗೆ ಇಳಿದಿರುವುದಿಲ್ಲ, ಬ್ರೂನೋ ಅಪ್ಪನಾಗಿರುತ್ತಾನೆ. ಕನ್ನಡದಲ್ಲಿ ಇದನ್ನು ಬರೆಯುವ ಧೈರ್ಯವಂತರು ಬಂದರೆ ಚಂದಾ ಕೊಟ್ಟು ಓದೋಣ.

ನಾಯಕಿ ಪಶುವೈದ್ಯೆ ಆಗಿರುವುದು ಇನ್ನೊಂದು ಮಾದರಿ. ಗಾಳಿಗೆ ಹಾರುವ ಮುಂಗುರುಳು, ಬಿಳಿ ಕೋಟು, ಸ್ಟೆತಾಸ್ಕೋಪು. ನಾಯಿಯ ಜ್ವರ ಎಲ್ಲಿಂದ ನೋಡುತ್ತಾರೆಂದು ಕಥೆಗಾರರು ವಿಚಾರಿಸಿದಂತಿಲ್ಲ. ಥರ್ಮಾಮೀಟರು ಹೋಗುವುದು ಗುದದ್ವಾರಕ್ಕೆ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಸರಿಯಾಗಿದೆ. ಡಾಕ್ಟರಮ್ಮ ಮೊದಲು ಕೇಳುವುದು ‘ನಿಮ್ಮ ಹವ್ಯಾಸಗಳೇನು’ ಅಂತಲ್ಲ, ‘ಕಕ್ಕ ಗಟ್ಟಿ ಇದೆಯಾ, ನೀರಾ, ರಕ್ತ ಬರ್ತಿದೆಯಾ’ ಅಂತ. ಎರಡನೆಯದು ‘ಬಾಯಿಗೆ ಪಟ್ಟಿ ಹಾಕಿ, ಗಟ್ಟಿ ಹಿಡ್ಕೊಳ್ಳಿ’. ಈ ಸಂವಾದದಿಂದಲೂ ಪ್ರೇಮ ಹುಟ್ಟಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕೆ ತಕ್ಕ ನಾಯಕ ಬೇಕು.

ಪ್ರೇಮಿಗಳ ಕೊಡುಗೆಗಳನ್ನೇ ನೋಡಿ. ಬೆಕ್ಕು ಸಾಕಿದವಳಿಗೆ ಇವನು ಲಿಲ್ಲಿ ಹೂವಿನ ಗುಚ್ಛ ತರುತ್ತಾನೆ. ನಿಜವಾದ ಲಿಲ್ಲಿಯ ಎಲೆ, ದಳ, ಮೈಗಂಟಿದ ಪರಾಗ, ಹೂದಾನಿಯ ನೀರು ಯಾವುದನ್ನು ನೆಕ್ಕಿದರೂ ಬೆಕ್ಕಿನ ಕಿಡ್ನಿ ಎರಡು ಮೂರು ದಿನದಲ್ಲಿ ಕೈಕೊಡುತ್ತದೆ. ನಾಯಿ ಸಾಕಿದವಳಿಗೆ ಡಾರ್ಕ್ ಚಾಕೊಲೇಟು ತರುತ್ತಾನೆ, ಒಣದ್ರಾಕ್ಷಿ ಹಾಕಿದ್ದು. ಎರಡೂ ನಾಯಿಗೆ ವಿಷ. ಮೂರನೆಯವನು ಕೆಂಪು ರಿಬ್ಬನ್ನು ಕಟ್ಟಿದ ಡಬ್ಬದಲ್ಲಿ ಮರಿಯನ್ನೇ ತರುತ್ತಾನೆ. ಕಣ್ಣು ಬಿಟ್ಟು ನಾಲ್ಕು ದಿನವಾದಂತಿರುತ್ತದೆ ವರ್ಣನೆ. ಎಂಟು ವಾರ ತುಂಬದ ಮರಿಯನ್ನು ಮಾರಕೂಡದು ಅಂತ 2017ರ ತಳಿ ಸಂವರ್ಧನೆ ನಿಯಮಗಳೇ ಹೇಳುತ್ತವೆ. ಲಸಿಕೆಯ ಸರಣಿ ಶುರುವಾಗುವುದೇ ಆರರಿಂದ ಎಂಟನೇ ವಾರಕ್ಕೆ, ಮೂರು ನಾಲ್ಕು ವಾರದ ಅಂತರದಲ್ಲಿ ಮತ್ತೆ ಮತ್ತೆ ಬೂಸ್ಟರು, ರೇಬೀಸಿನದು ಮೂರು ತಿಂಗಳಿಗೆ. ಅಷ್ಟರೊಳಗೆ ಪಾರ್ಕಿಗೆ ಇಳಿಸಿ ರೀಲ್ಸು ಮಾಡಿದರೆ ಪಾರ್ವೊ ಎಂಬ ವೈರಸ್ ರೋಗ ಕಾದಿರುತ್ತದೆ. ರಕ್ತಭೇದಿ, ವಾಂತಿ, ಡ್ರಿಪ್ಪು. ಉಳಿಯುವುದು ಮರಿಯ ಅದೃಷ್ಟ. ಆ ವೈರಸ್ಸು ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಫಿನಾಯಿಲಿಗೆ ಜಗ್ಗುವುದಿಲ್ಲ. ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ ಒರೆಸಿ ಹತ್ತು ನಿಮಿಷ ಹಾಗೇ ಬಿಡಬೇಕು. ಪ್ರೇಮಪತ್ರದ ಜೊತೆ ಇದನ್ನೂ ಒಂದು ಚೀಟಿಯಲ್ಲಿ ಬರೆದುಕೊಡುವ ನಾಯಕ ಈವರೆಗೆ ಹುಟ್ಟಿಲ್ಲ.

ಪಂಜರದ ಗಿಳಿಯ ಕಥೆಗಳೂ ಇವೆ. ಎದುರುಮನೆ ಹುಡುಗನ ಹೆಸರನ್ನು ಗಿಳಿ ಕೂಗುತ್ತದೆ, ಹುಡುಗಿ ನಾಚುತ್ತಾಳೆ. ನಮ್ಮ ಹಸಿರು ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಮೊದಲು ನಾಚಬೇಕಾದವರು ಅರಣ್ಯ ಇಲಾಖೆಯವರು.

ಇಷ್ಟೊಂದು ನಾಯಿಗಳ ಮಧ್ಯೆ ನಮ್ಮದೇ ಮುಧೋಳದ್ದು ಏಕಿಲ್ಲ? 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, 2018ರ ಚುನಾವಣೆಯಲ್ಲಿ ಜಮಖಂಡಿಯ ವೇದಿಕೆಯಿಂದ ಪ್ರಧಾನಿ ಅದರಿಂದ ದೇಶಭಕ್ತಿ ಕಲಿಯಿರಿ ಅಂದರು. ಅಂಚೆಗೂ ಭಾಷಣಕ್ಕೂ ಆಗುತ್ತದೆ, ಪ್ರೇಮಕ್ಕೆ ಆಗುವುದಿಲ್ಲ. ಅದೂ ಸರಿಯೇ. ಕಣ್ಣಿಂದ ಬೇಟೆ ಹುಡುಕುವ ನಾಯಿ ಅದು. ಮೊಲ ಕಂಡರೆ ನಾಯಕನನ್ನು ನಾಯಕಿಯ ಮುಂದೆ ನಿಲ್ಲಿಸುವುದಿಲ್ಲ, ಪಕ್ಕದ ತಾಲೂಕಿನಲ್ಲಿ ನಿಲ್ಲಿಸುತ್ತದೆ. ಹಳ್ಳಿಯಲ್ಲಿ ದನಗಳು ಜನರನ್ನು ಭೇಟಿ ಮಾಡಿಸುವುದಂತೂ ದಿನದ ಮಾತು. ಇವನ ಎಮ್ಮೆ ಅವಳ ಅಪ್ಪನ ಜೋಳಕ್ಕೆ ನುಗ್ಗುತ್ತದೆ, ಅವರು ಹೊಡೆದುಕೊಂಡು ಹೋಗಿ ದೊಡ್ಡಿಗೆ ಸೇರಿಸುತ್ತಾರೆ, ಇವನು ಕಾಯ್ದೆಯಂತೆ ದಂಡ ಕಟ್ಟಿ ಬಿಡಿಸಿಕೊಳ್ಳುತ್ತಾನೆ. ಆಮೇಲೆ ಎರಡೂ ಮನೆಯವರು ಮೂರು ತಲೆಮಾರು ಮಾತಾಡುವುದಿಲ್ಲ.

ನಾಯಕಿ ಒಳ್ಳೆಯವಳು ಅಂತ ತೋರಿಸಲು ಬೀದಿನಾಯಿಗೆ ಪಾರ್ಲೆ-ಜಿ ಹಾಕಿಸುತ್ತಾರೆ. ಅವಳ ಕೈಯಿಂದ ಆ ನಾಯಿಗೆ ಸಂತಾನಹರಣ ಆಪರೇಷನ್ ಮಾಡಿಸುವುದಿಲ್ಲ, ರೇಬೀಸು ಲಸಿಕೆ ಹಾಕಿಸುವುದಿಲ್ಲ. ಬಿಸ್ಕತ್ತಿಗೆ ಕರುಣೆ ಮುಗಿಯುತ್ತದೆ. ನಮ್ಮ ಮಹಾನಗರ ಪಾಲಿಕೆಯ ಕರುಣೆ ಇದಕ್ಕಿಂತ ದೊಡ್ಡದಿತ್ತು, ಮರೆತಿರಲಾರಿರಿ: 2025ರಲ್ಲಿ ಐದು ಸಾವಿರ ನಾಯಿಗಳಿಗೆ ದಿನಾ 150 ಗ್ರಾಂ ಕೋಳಿ, 100 ಗ್ರಾಂ ಅನ್ನ, 100 ಗ್ರಾಂ ತರಕಾರಿ, 10 ಗ್ರಾಂ ಎಣ್ಣೆಯ ಊಟ ಹಾಕುವ ಯೋಜನೆ. ಅದಕ್ಕೆ ಬಂದ ನಗುವಿನ ನಡುವೆಯೇ ಸುಪ್ರೀಂ ಕೋರ್ಟು ಆಗಸ್ಟಿನಲ್ಲಿ, ಗೊತ್ತುಪಡಿಸಿದ ಜಾಗದಲ್ಲಿ ಮಾತ್ರ ಊಟ ಹಾಕಿ ಅಂದಿತು. ಆ ಜಾಗ ಯಾವುದು ಅಂತ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಮ್ಮೆ ಕೇಳಿ ನೋಡಿ. ನಾಯಿ ಜನರನ್ನು ಒಂದುಗೂಡಿಸುವುದು ಖಂಡಿತ ನಿಜ. ಅನ್ನ ಹಾಕಿದ ಹುಡುಗಿಯ ವಿರುದ್ಧ ಸೆಕ್ರೆಟರಿ, ಖಜಾಂಚಿ, ಎ ಬ್ಲಾಕು, ಬಿ ಬ್ಲಾಕು ಎಲ್ಲ ಒಂದಾಗುತ್ತಾರೆ.

ಇನ್ನು ನಾಯಕನ ಮನೆ. ಇಪ್ಪತ್ತಾರರ ಬ್ರಹ್ಮಚಾರಿ, ಲ್ಯಾಬ್ರಡಾರು, ಇಂದಿರಾನಗರದಲ್ಲಿ ಬಾಲ್ಕನಿಯಿರುವ ಬಾಡಿಗೆ ಮನೆ. ಇದು ಕಥೆಯಲ್ಲ, ಪುರಾಣ. ಗೇಟಿನ ಬೋರ್ಡು ಓದಿದವರಿಗೆ ಗೊತ್ತು: ಫ್ಯಾಮಿಲಿಗೆ ಮಾತ್ರ, ಸಸ್ಯಾಹಾರಿಗಳಿಗೆ ಮಾತ್ರ, ನಾಯಿ ಬೆಕ್ಕು ಇಲ್ಲ. ಬಹುಮತದಿಂದ ಠರಾವು ಮಾಡಿದರೂ ಸಾಕುಪ್ರಾಣಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟಿನಿಂದ ಹೊರಗಿಡುವಂತಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಅದನ್ನು ಪ್ರಿಂಟ್ ಹಾಕಿಸಿಕೊಂಡು ಎಂಟನೇ ಮಹಡಿಗೆ ಮೆಟ್ಟಿಲು ಹತ್ತಬಹುದು. 2018ರಲ್ಲಿ ಬಿಬಿಎಂಪಿ ಫ್ಲ್ಯಾಟಿಗೊಂದೇ ನಾಯಿ ಅಂತ ನಿಯಮ ತಂದು, ಜನ ಎದ್ದ ಮೇಲೆ ತಡೆಹಿಡಿಯಿತು. ಅದು ಜಾರಿಯಾಗಿದ್ದರೆ ಇವನ ಬ್ರೂನೋ, ಅವಳ ಕೋಕೋ ಸೇರಿ ಮದುವೆಯ ರಾತ್ರಿಯೇ ಮನೆಯಲ್ಲೊಂದು ನಾಯಿ ಕಾನೂನುಬಾಹಿರ.

ಒಂದು ವಿಷಯದಲ್ಲಿ ಮಾತ್ರ ಈ ಕಥೆಗಾರರ ಜಾಣತನ ಮೆಚ್ಚಬೇಕು. ನಾಯಿಗೆ ಕೆನಲ್ ಕ್ಲಬ್ಬಿನ ಪತ್ರವಿದೆ, ಅಪ್ಪ, ಅಜ್ಜ, ಮುತ್ತಜ್ಜನ ಹೆಸರಿದೆ. ಹುಡುಗನಿಗೆ ಅಡ್ಡಹೆಸರೂ ಇಲ್ಲ, ಊರೂ ಇಲ್ಲ, ಮನೆದೇವರೂ ಇಲ್ಲ. ಹುಡುಗಿಯ ತಾಯಿ ಕೇಳಬೇಕಾದ ಪ್ರಶ್ನೆ ಬರುವಷ್ಟರಲ್ಲಿ ಬ್ರೂನೋ ಬಂದು ಅವರ ಸೆರಗು ಎಳೆಯುತ್ತಾನೆ, ಎಲ್ಲರೂ ನಗುತ್ತಾರೆ, ಮಾತು ಮರೆಯುತ್ತದೆ. ಇದೇ ರಾಜ್ಯದಲ್ಲಿ ಜಾತಿ ಮೀರಿ ಮದುವೆಯಾದ ಮಗಳನ್ನು ಹೆತ್ತವರೇ ಕೊಂದ ಸುದ್ದಿ ಅದೇ ಪತ್ರಿಕೆಯ ಮುಖಪುಟದಲ್ಲಿ ಬಂದಿರುತ್ತದೆ. ಪುರವಣಿ ಬೇರೆ ಬಂಡಲು, ಬಿಡಿ.

ಓಲಗ ಮುಗಿದ ಮೇಲೆ ನಾಯಿ ಎಲ್ಲಿ ಹೋಗುತ್ತದೆ? ಕಥೆಯಲ್ಲಿ ಅದರ ಕೆಲಸ ಮುಗಿದಿರುತ್ತದೆ. ಹೊರಗೂ ಹಾಗೇ ಆಗುತ್ತಿದೆ, ಅದಕ್ಕೇ ಸಿಟ್ಟು. ಸೊಸೆ ಬಸುರಿ, ವಿದೇಶಕ್ಕೆ ವರ್ಗ, ಬ್ರೇಕಪ್ಪು, ಕೂದಲು ಉದುರುತ್ತದೆ, ದೊಡ್ಡದಾಯಿತು. ಹಿಮದ ನಾಡಿನ ಹಸ್ಕಿಯನ್ನು ಬಳ್ಳಾರಿಯ ಬಿಸಿಲಿಗೆ ತರುವವರಿದ್ದಾರೆ, ಎರಡು ಬೇಸಿಗೆ ಕಳೆದ ಮೇಲೆ ಹೈವೇ ಡಾಬಾದ ಹಿಂದೆ ಇಳಿಸಿ ಹೋಗುವವರೂ ಇದ್ದಾರೆ. ಮೊಬೈಲು ಕಂಪನಿಯ ಜಾಹೀರಾತು ನೋಡಿ ಪಗ್ಗು ತಂದರು, ಅದಕ್ಕೆ ಉಸಿರಾಟದ ತೊಂದರೆ ಅಂತ ಗೊತ್ತಾದ ಮೇಲೆ ಬಿಟ್ಟರು. ಸಾಕಿದ ಪ್ರಾಣಿಯನ್ನು ಬೀದಿಪಾಲು ಮಾಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ತಪ್ಪಿಗೆ ದಂಡ ಹತ್ತು ರೂಪಾಯಿಯಿಂದ ಐವತ್ತರವರೆಗೆ. ದರ್ಶಿನಿಯಲ್ಲಿ ಒಂದು ಮಸಾಲೆ ದೋಸೆ ಬರುವುದಿಲ್ಲ ಈ ದುಡ್ಡಿಗೆ. ಅರವತ್ತು ವರ್ಷ ದಾಟಿದರೂ ತಿದ್ದಲು ಯಾರಿಗೂ ಪುರುಸೊತ್ತಾಗಿಲ್ಲ.

ಕಥೆ ಬರೆಯಬೇಡಿ ಅನ್ನುತ್ತಿಲ್ಲ. ಮುಂದಿನ ಕಂತಿನಲ್ಲಿ ಬ್ರೂನೋಗೆ ಉಣ್ಣೆಜ್ವರ ಬರಲಿ. ಉಣುಗು ಕಚ್ಚಿ ಪ್ಲೇಟ್‌ಲೆಟ್ಟು ಕುಸಿದು ಮೂಗಿನಲ್ಲಿ ರಕ್ತ ಬರಲಿ. ನಾಯಕ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಅನ್ನದೊಳಗೆ ಮುಚ್ಚಿ 28 ದಿನ ತಪ್ಪದೆ ತಿನ್ನಿಸಲಿ. ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿಯಾಗುತ್ತದೆ, ಒರೆಸುವ ಕೆಲಸವೂ ಅವನದೇ. ನಾಯಕಿ ಅದನ್ನು ನೋಡಿ ಆಮೇಲೆ ಒಪ್ಪಲಿ, ಅಥವಾ ಬೇಡ ಅನ್ನಲಿ.